ಮಾಳಿಗೆ ಸೋರಿದ ವರ್ಷ

2022ರ ಸೆಪ್ಟೆಂಬರ್ 2ರಂದು ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಮೊದಲು ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಆ ಕೋಡಿ ಕಂಡವರು ನಮ್ಮೂರಲ್ಲಿ ಯಾರೂ ಉಳಿದಿರಲಿಲ್ಲ, ಕಂಡವರ ಬಾಯಿಂದ ಕೇಳಿದವರಷ್ಟೇ ಇದ್ದರು. ಹಿರಿಯೂರು, ಹೊಸದುರ್ಗದ ಹಳ್ಳಿಗಳಿಂದ ಜನ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ತುಂಬಿಕೊಂಡು, ಬೈಕಿಗೆ ಮೂವರಂತೆ ಕೂತು ಅಣೆಕಟ್ಟಿರುವ ಮಾರಿಕಣಿವೆಗೆ ಹೊರಟರು. ಚಿಕ್ಕಪ್ಪನ ಮಕ್ಕಳು ಹೋದರು. ಅಮ್ಮ ಕೂಡ ಅರಿಶಿನ ಕುಂಕುಮ ಸೆರಗಿಗೆ ಕಟ್ಟಿಕೊಂಡು ಹೋದಳು. ಅಪ್ಪ ಮಾತ್ರ ಹೋಗಲಿಲ್ಲ. “ಕೋಡಿ ನೋಡಾಕೆ ಅಷ್ಟು ದೂರ ಯಾಕೆ ಹೋಗ್ಬೇಕು, ನಮ್ಮ ಪಡಸಾಲೇಲೇ ಬಿದ್ದೈತಲ್ಲ” ಅಂದರು.

ಅದು ಬರೀ ಕುಹಕದ ಮಾತಾಗಿರಲಿಲ್ಲ. ಮಖೆಯಲ್ಲಿ ಹಿಡಿದ ಮಳೆ ಹುಬ್ಬೆ ಬಂದರೂ ಬಿಟ್ಟಿರಲಿಲ್ಲ. ನಡುವಿನ ಅಂಕಣದಲ್ಲಿ ತೊಲೆಗುಂಟ ನೀರು ಹರಿದುಬಂದು, ಕಂಬದ ಬೋದಿಗೆಯ ಕೆತ್ತನೆಯಲ್ಲಿ ತಂಗಿ, ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ತಪ್ಪಲೆ, ಬೋಗುಣಿ, ಪ್ಲಾಸ್ಟಿಕ್ ಬಕೆಟ್ಟು, ಮೂಲೆಗೆ ಬಿದ್ದಿದ್ದ ತಾಮ್ರದ ಕೊಳಗ ಎಲ್ಲವೂ ನೆಲಕ್ಕೆ ಬಂದು ಕೂತಿದ್ದವು. ರಾಗಿ ಚೀಲಗಳನ್ನು ಮಂಚದ ಮೇಲೆ ಪೇರಿಸಿ ಅಪ್ಪ ಅಮ್ಮ ನೆಲದಲ್ಲಿ ಮಲಗುತ್ತಿದ್ದರು. ನಾನು ಚಿತ್ರದುರ್ಗದಿಂದ ಶನಿವಾರ ಶಾಲೆ ಬಿಟ್ಟಮೇಲೆ ಬಸ್ಸು ಹತ್ತಿ ಬಂದವನು ಕಂಡದ್ದು ಇದು.

ನಮ್ಮ ಸೀಮೆಯಲ್ಲಿ ಮಳೆಗಾಗಿ ಪೂಜೆ ಮಾಡುತ್ತಾರೆ, ಮಳೆಗೆ ಹೆದರಿ ಮನೆ ಕಟ್ಟುವುದಿಲ್ಲ. ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬಂದುಹೋಗುತ್ತದೆ. ಹೊಳಲ್ಕೆರೆ ಕಡೆ ಸ್ವಲ್ಪ ಹೆಚ್ಚು, ಹಿರಿಯೂರಿನ ಕಡೆ ಸರಿದಂತೆ ಕಡಿಮೆ. ಇಷ್ಟು ಮಳೆಗೆ ಹೆಂಚಿನ ಇಳಿಜಾರು ಮಾಡು ಬೇಕಿಲ್ಲ ಅಂತ ಹಿರಿಯರು ಲೆಕ್ಕ ಹಾಕಿದ್ದಿರಬೇಕು. ನಮ್ಮ ಊರು ಹೊಸದುರ್ಗ ತಾಲ್ಲೂಕಿನದು, ಹಿರಿಯೂರಿನ ಗಡಿಗೆ ಹತ್ತಿರ. ಅಲ್ಲಿ ಅಜ್ಜನ ಕಾಲದ ಮನೆಗಳೆಲ್ಲ ಚಪ್ಪಟೆ ಮಣ್ಣಿನ ಮಾಳಿಗೆಯವೇ.

ನಮ್ಮದೂ ಹಾಗೇ. ಎರಡಡಿ ದಪ್ಪದ ಮಣ್ಣಿನ ಗೋಡೆ. ಗೋಡೆಯಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ ಕಮರದ ತೊಲೆಗಳು. ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ಜೋಡಿಸಿದ ಮರದ ಚಕ್ಕೆ. ಅದರ ಮೇಲೆ ಬಂದರಿಕೆ ಸೊಪ್ಪಿನ ಹಾಸು. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಗುಡ್ಡ ಹತ್ತಿದವರು ಈ ಗಿಡ ನೋಡಿಯೇ ಇರುತ್ತಾರೆ. ಎಲೆ ಮುಟ್ಟಿದರೆ ಕೈಗೆ ಅಂಟು ಹತ್ತುತ್ತದೆ, ದನ ಬಾಯಿ ಹಾಕುವುದಿಲ್ಲ, ಗೆದ್ದಲೂ ಬೇಗ ಬರುವುದಿಲ್ಲ. ಸೊಪ್ಪಿನ ಮೇಲೆ ಕಲಸಿದ ಕೆಮ್ಮಣ್ಣು ಹಾಕಿ ದಿಮ್ಮಸಿನಿಂದ ಬಡಿಯುತ್ತಾರೆ. ಎಲ್ಲಕ್ಕಿಂತ ಮೇಲೆ, ಬೆರಳೆರಡರಷ್ಟು ದಪ್ಪಕ್ಕೆ, ಕರಲು ಮಣ್ಣು. ಒಟ್ಟಾರೆ ಒಂದಡಿ ದಪ್ಪ. ಒಂದು ಬದಿಗೆ ಕಂಡೂ ಕಾಣದ ಹಾಗೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ನೀರು ಬೀದಿಗೆ ಚೆಲ್ಲುವ ಕಲ್ಲಿನ ದೋಣಿ, ನಡುಮನೆಗೆ ಬೆಳಕು ಬೀಳಲು ಒಂದು ಬೆಳಕಿಂಡಿ, ಮಳೆ ಬಂದರೆ ಅದಕ್ಕೆ ಮುಚ್ಚಲು ಚಪ್ಪಡಿ.

ಇದರಲ್ಲೆಲ್ಲ ಸೋಜಿಗದ್ದು ಕರಲು. ಹಳ್ಳದ ದಂಡೆಯಲ್ಲಿ, ಕಾಲುವೆ ನೀರು ನಿಂತು ಜೌಗಾದ ಕಡೆ, ಬೇಸಿಗೆಯಲ್ಲಿ ನೆಲ ಬೆಳ್ಳಗೆ ಉಪ್ಪು ಬಿಡುತ್ತದಲ್ಲ, ಆ ಮಣ್ಣು. ರೈತನಿಗೆ ಅದು ಶಾಪ. ರಾಗಿ ಇರಲಿ, ಗರಿಕೆಯೂ ನೆಟ್ಟಗೆ ಬರುವುದಿಲ್ಲ. ಬರದಿರುವುದಕ್ಕೆ ಏನು ಕಾರಣವೋ ಅದೇ ಮಾಳಿಗೆಗೆ ವರ. ಈ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚೆದುರಿ, ಉಬ್ಬಿ, ಕೆಳಗಿನ ಸಂದುಗಳಲ್ಲಿ ಕೂತುಬಿಡುತ್ತವೆ. ಮೊದಲ ಹನಿಗಳು ಒಳಗಿಳಿಯುತ್ತವೆ, ಆಮೇಲಿನವಕ್ಕೆ ದಾರಿ ಇರುವುದಿಲ್ಲ, ದೋಣಿಯ ಕಡೆ ಜಾರುತ್ತವೆ. ಗಿಡದ ಬೇರಿಗೆ ನೀರು ಗಾಳಿ ಸಿಗದಂತೆ ಮಾಡುವುದೂ ಇದೇ ಗುಣ. ಬಿಸಿಲಿಗೆ ಒಣಗಿದರೆ ಮತ್ತೆ ಪುಡಿ, ಕೆಳಗಿನ ಕೆಮ್ಮಣ್ಣು ಬಿರುಕು ಬಿಟ್ಟರೆ ಆ ಪುಡಿಯೇ ಬಿರುಕಿಗೆ ಇಳಿದು ತುಂಬಿಕೊಳ್ಳುತ್ತದೆ. ಶಾಲೆಯಲ್ಲಿ ವಿಜ್ಞಾನ ಹೇಳುವ ನನಗೆ ಇದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮಜ್ಜಿ ಮಾತ್ರ ಹಿಡಿ ಮಣ್ಣು ನಾಲಿಗೆಗೆ ಮುಟ್ಟಿಸಿ, “ಇದು ಸಪ್ಪೆ, ಆ ದಿಬ್ಬದ ಮಗ್ಗುಲಿಂದ ತನ್ರಿ” ಅಂತ ಗಾಡಿ ವಾಪಸು ಕಳಿಸುತ್ತಿದ್ದಳು.

ರೋಹಿಣಿ ಮಳೆಗೆ ಮುಂಚೆ ವರ್ಷವರ್ಷವೂ ಮಾಳಿಗೆ ಹತ್ತಬೇಕು. ಹುಲ್ಲು ಬೇರು ಸಮೇತ ಕೀಳಬೇಕು; ಬೇರು ಉಳಿದು ಕೊಳೆತರೆ ಅದೇ ನೀರಿಗೆ ಕೊಳವೆ. ಇಲಿ ಬಿಲ, ಇರುವೆ ಗೂಡು ಹುಡುಕಿ ಕೆಸರು ತುಂಬಬೇಕು. ದೋಣಿಯ ಬಾಯಿ ಬಿಡಿಸಬೇಕು. ಕುಂಬಿಯ ಬುಡಕ್ಕೆ ಸಗಣಿ ಮಣ್ಣು ಮೆತ್ತಬೇಕು. ಕೊನೆಗೆ ಮಂಕರಿಯಲ್ಲಿ ಕರಲು ಹೊತ್ತು ತಂದು ಹರಡಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಹಳೆಯ ಮಣ್ಣನ್ನು ಕೆರೆದು ಇಳಿಸಬೇಕು. ಇಲ್ಲದಿದ್ದರೆ ವರ್ಷವರ್ಷವೂ ಏರಿಸಿದ್ದು ಭಾರವಾಗಿ ತೊಲೆ ಬಾಗುತ್ತದೆ. ಇಳಿಸುವ ಕೆಲಸಕ್ಕೆ ಬೇಸರಪಟ್ಟೇ ಎಷ್ಟೋ ಮನೆ ಬಿದ್ದಿವೆ.

ಮಾಳಿಗೆ ಮನೆಯ ಬಗ್ಗೆ ಬರೆಯುವವರು ಅದರ ತಂಪನ್ನು ಹೊಗಳಿ ಸುಮ್ಮನಾಗುತ್ತಾರೆ. ತಂಪು ನಿಜ. ಏಪ್ರಿಲಿನಲ್ಲಿ ಹಿರಿಯೂರಿನ ಬಿಸಿಲು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಒಂದು ಚದರಡಿಗೆ ಒಂದಡಿ ದಪ್ಪದ ಮಣ್ಣು ಅಂದರೆ ಒಣಗಿದ್ದಾಗಲೇ ಹತ್ತಿರ ಹತ್ತಿರ 45 ಕಿಲೋ. ಅದು ನೀರು ಕುಡಿದು, ಕೆಳಗಿನ ತೊಲೆ ಲಡ್ಡಾಗಿದ್ದು, ರಾತ್ರಿ ಜನ ಮಲಗಿದ್ದಾಗ ಕುಸಿದರೆ ಏನಾಗುತ್ತದೆ ಅನ್ನುವುದು ಪ್ರತಿ ಮಳೆಗಾಲದ ಪತ್ರಿಕೆಯಲ್ಲಿ ಬರುತ್ತದೆ. ಆ ವಾರ ನಾನು ಅಪ್ಪ ಅಮ್ಮನನ್ನು ಪಡಸಾಲೆಯಲ್ಲಿ ಮಲಗಲು ಬಿಡಲಿಲ್ಲ. ಪಕ್ಕದ ಆರ್‌ಸಿಸಿ ಮನೆಯಲ್ಲಿ ಚಿಕ್ಕಪ್ಪ ಇದ್ದರು, ಅಲ್ಲಿಗೆ ಹಾಸಿಗೆ ಸಾಗಿಸಿದೆ. ಅಪ್ಪ ಗೊಣಗಿಕೊಂಡೇ ಬಂದರು.

ನಮ್ಮ ಮಾಳಿಗೆ ಸೋರಿದ್ದಕ್ಕೆ ಮಳೆಯೊಂದನ್ನೇ ದೂರುವಂತಿಲ್ಲ. 1990ರ ದಶಕದ ಕೊನೆಗೆ ಮಾಳಿಗೆ ಕೆಲಸಕ್ಕೆ ಆಳು ಸಿಗುವುದು ಕಷ್ಟವಾಯಿತು. ನಾನು ಚಿತ್ರದುರ್ಗಕ್ಕೆ ಮೇಷ್ಟ್ರಾಗಿ ಹೋದೆ; ತಮ್ಮ ಬೆಂಗಳೂರಿಗೆ ಹೋಗಿ, ಅಲ್ಲಿಂದ ಅಮೆರಿಕ ಸೇರಿದ. ಆಗ ಊರಲ್ಲಿ ಕೆಲಸ ಹಿಡಿದಿದ್ದ ಒಬ್ಬ ಕಂಟ್ರಾಕ್ಟರು, “ಒಂದ್ ಸಲ ಸಿಮೆಂಟ್ ಎಳ್ದುಬಿಡಿ ಯಜಮಾನ್ರೇ, ಆಮೇಲೆ ಮಾಳಿಗೆ ಕಡೆ ತಲೆ ಎತ್ತಿ ನೋಡಂಗಿಲ್ಲ” ಅಂದ. ಕರಲು ಕೆರೆದು, ಕೆಮ್ಮಣ್ಣಿನ ಮೇಲೆ ಎರಡಿಂಚು ಸಿಮೆಂಟು ಗಾರೆ ಹಾಕಿದರು. ಊರಿನವರೆಲ್ಲ ಬಂದು ನೋಡಿಹೋದರು. ಅವನ ಮಾತು ಅಷ್ಟರಮಟ್ಟಿಗೆ ನಿಜವಾಯಿತು: ಆಮೇಲೆ ನಿಜವಾಗಿಯೂ ಯಾರೂ ತಲೆ ಎತ್ತಿ ನೋಡಲಿಲ್ಲ.

ಮಳೆ ನಿಂತಮೇಲೆ ಎಲ್ಲರೂ ಒಂದೊಂದು ಉಪಾಯ ಹೇಳಿದರು. ಕೆಡವಿ ಹೊಸದಾಗಿ ಕಟ್ಟಿ ಅಂದವರು ಹೆಚ್ಚು. ಮೇಲೆ ತಗಡು ಶೀಟು ಹಾಕಿಸಿ ಅಂದವರು ಕೆಲವರು. ದುರ್ಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಬಣ್ಣದ ಡಬ್ಬಿ ತೋರಿಸಿ, ಮೂರು ಕೋಟ್ ಹೊಡೆದರೆ ಮುಗೀತು ಅಂದರು. ಅಪ್ಪ ಯಾರ ಮಾತಿಗೂ ಹೂಂ ಅನ್ನದೆ, ಊರಾಚೆಯ ಕಾಲೊನಿಯಲ್ಲಿದ್ದ ಮಾಳಿಗೆ ಅಜ್ಜನಿಗೆ ಹೇಳಿಕಳಿಸಿದರು. ಸುತ್ತಿನ ಹಳ್ಳಿಗಳ ಎಷ್ಟೋ ಮಾಳಿಗೆಗಳನ್ನು ಬಡಿದ ಮನುಷ್ಯ. ವಯಸ್ಸು ಎಂಬತ್ತರ ಹತ್ತಿರ, ಏಣಿ ಹತ್ತುವಾಗ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ.

ಅಜ್ಜ ಬಂದವನು ನೀರು ತೊಟ್ಟಿಕ್ಕಿದ ಜಾಗವನ್ನು ಒಮ್ಮೆ ನೋಡಿ ಬಿಟ್ಟುಬಿಟ್ಟ. ನಾನು ಬೆರಳು ತೋರಿಸಿ, “ಇಲ್ಲೇ ಅಜ್ಜಾ, ಈ ಕಂಬದ ತಲೇಲಿ” ಅಂದೆ.

“ಅದು ನೀರು ಇಳಿಯೋ ಜಾಗ ಮೇಷ್ಟ್ರೇ. ನೀರು ಹೊಕ್ಕಿರೋ ಜಾಗ ಬ್ಯಾರೆ ಐತೆ.”

ತೊಲೆಯನ್ನು ಹಿಮ್ಮುಖವಾಗಿ ಹಿಡಿದು ಹೋದ. ಮರದ ಮೇಲೆ ನೀರು ಹರಿದ ಕಲೆ ಕಪ್ಪಗೆ, ಅಂಚಿಗೆ ಬಿಳಿ ಉಪ್ಪಿನ ಗೆರೆಯೊಂದಿಗೆ, ಗೋಡೆಯ ತನಕ ಹೋಗಿತ್ತು. ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಕಡೆ ಸಣ್ಣ ಉಳಿಯಿಂದ ತಟ್ಟಿದ. ಮರ ನೋಡಲು ಗಟ್ಟಿಯಾಗೇ ಇತ್ತು, ಸುಣ್ಣ ಕೂಡ ಉದುರಿರಲಿಲ್ಲ. ಇನ್ನೊಂದು ಕಡೆ ಟಣ್ ಅಂದದ್ದು ಇಲ್ಲಿ ದಬ್ ಅಂತು. ಉಳಿಯನ್ನು ಕೈಯಲ್ಲೇ ಒತ್ತಿದ, ಸುತ್ತಿಗೆ ಬೇಕಾಗಲಿಲ್ಲ. ಹಿಡಿಯ ತನಕ ಒಳಗೆ ಹೋಯಿತು. ಹೊರಗೆಳೆದಾಗ ಅದರ ಜೊತೆ ಬಂದದ್ದು ಮರ ಅನ್ನಲಾಗದ, ಕಂದು ಬಣ್ಣದ ಒದ್ದೆ ಪುಡಿ. ಬೆರಳಲ್ಲಿ ಉಜ್ಜಿದರೆ ಚೌಕ ಚೌಕ ಚೂರಾಗುತ್ತಿತ್ತು. ಅಣಬೆಯ ವಾಸನೆ. ಕಮರದಂಥ ಕಬ್ಬಿಣದ ಮರ ಹೀಗಾಗಬಹುದು ಅಂತ ಅಪ್ಪ ನಂಬಲಿಲ್ಲ. ತಾವೇ ಸ್ಟೂಲು ಹತ್ತಿ ಕೈ ಹಾಕಿ ನೋಡಿ ಇಳಿದರು.

“ಈಗ ಮುಟ್ಟಬ್ಯಾಡ್ರಿ, ಬಿಸಿಲು ಕಾಯಲಿ” ಅಂದ ಅಜ್ಜ. ಸುಗ್ಗಿ ಮುಗಿದು, ಶಿವರಾತ್ರಿ ಹತ್ತಿರ ಬಂದಮೇಲೆ ಮಾಳಿಗೆ ಬಿಚ್ಚಿದೆವು. ನಾಲ್ಕು ತಿಂಗಳು ಒಂದು ಹನಿ ಬಿದ್ದಿರಲಿಲ್ಲ. ಆದರೂ ಸಿಮೆಂಟಿನ ಹಲ್ಲೆ ಎಬ್ಬಿಸಿದಾಗ ಕೆಳಗಿನ ಮಣ್ಣು ತಣ್ಣಗೆ, ಉಂಡೆ ಕಟ್ಟುವ ಹಾಗೆ ಒದ್ದೆಯಾಗಿತ್ತು. ಬೆಳಕಿಂಡಿಯ ಸುತ್ತ, ಕುಂಬಿಯ ಬುಡಕ್ಕೆ ಸಿಮೆಂಟು ಗೋಡೆ ಬಿಟ್ಟು ದಾರದಷ್ಟು ಸರಿದಿತ್ತು. ಮಣ್ಣು ಬಿಸಿಲಿಗೆ ಕುಗ್ಗುವ ಲೆಕ್ಕ ಬೇರೆ, ಸಿಮೆಂಟಿನದು ಬೇರೆ. ಆ ದಾರದ ಸಂದಿಯಲ್ಲಿ ಇಳಿದ ನೀರಿಗೆ ಮೇಲೆ ಆವಿಯಾಗಿ ಹೋಗಲು ಸಿಮೆಂಟು ಬಿಡಲಿಲ್ಲ, ಕೆಳಗೆ ಹೋಗಲು ತೊಲೆ ಇತ್ತು. ಇಪ್ಪತ್ತೈದು ವರ್ಷ ಒಂದು ತೊಟ್ಟೂ ಕೆಳಗೆ ಬೀಳದೆ ಇದು ನಡೆದಿತ್ತು. ಕೋಡಿ ಬಿದ್ದ ವರ್ಷ ಹೊರಬಂತು, ಅಷ್ಟೆ.

ಇದೇ ದಿನಗಳಲ್ಲಿ ತಮ್ಮ ವಿಡಿಯೋ ಕಾಲ್ ಮಾಡಿದ. ಅವನಿರುವುದು ಮಿಷಿಗನ್ ರಾಜ್ಯದಲ್ಲಿ. ಹಿಂದಿನ ವರ್ಷ ಯಾರಿಂದಲೋ ಒಂದು ಹಳೆಯ ಪಾಪ್-ಅಪ್ ಕ್ಯಾಂಪರ್ ಕೊಂಡಿದ್ದ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಸೊಂಟದೆತ್ತರದ ಪೆಟ್ಟಿಗೆ ಅದು. ನಿಲ್ಲಿಸಿ ಹಿಡಿ ತಿರುಗಿಸಿದರೆ ಉಕ್ಕಿನ ಹಗ್ಗಗಳು ಬಿಗಿದು ಮಾಡು ಮೇಲೇಳುತ್ತದೆ. ಎರಡು ಬದಿಯ ಹಾಸಿಗೆ ಹಲಗೆಗಳನ್ನು ಎಳೆದರೆ ಹೊರಗೆ ಚಾಚಿಕೊಳ್ಳುತ್ತವೆ. ನಡುವೆ ಸುತ್ತಲೂ ಕ್ಯಾನ್ವಾಸು. ಬೇಸಿಗೆಯಲ್ಲಿ ಹೆಂಡತಿ ಮಕ್ಕಳ ಜೊತೆ ಕೆರೆ ದಂಡೆಗೆ, ಕಾಡಿಗೆ ಹೋಗಿ ಅದರಲ್ಲೇ ಇದ್ದು ಬರುವುದು. ಅಪ್ಪ ಅದನ್ನು ಮೊದಲ ಸಲ ಫೋನಿನಲ್ಲಿ ನೋಡಿದಾಗ, “ಇದು ನಮ್ಮ ಕಮಾನು ಗಾಡಿನೇ ಕಣಪ್ಪಾ, ಎತ್ತು ಒಂದು ಇಲ್ಲ” ಅಂದಿದ್ದರು. ಹಾಲುರಾಮೇಶ್ವರದ ಗುಡಿಗೆ ನಾವು ಚಿಕ್ಕವರಿದ್ದಾಗ ಹೋಗುತ್ತಿದ್ದದ್ದು ಹಾಗೇ: ಬಿದಿರು ಬಾಗಿಸಿ ಕಟ್ಟಿದ ಕಮಾನು, ಮೇಲೆ ಚಾಪೆ, ಒಳಗೆ ಹುಲ್ಲಿನ ಮೇಲೆ ಜಮಖಾನ, ಹಿಂದೆ ನೇತಾಡುವ ಲಾಟೀನು.

ಈ ಸಲ ಅವನ ಮುಖ ಬಾಡಿತ್ತು. ಹಿಮ ಕರಗಿ, ಕ್ಯಾಂಪರ್ ಬಿಚ್ಚಿ ಮಾಡು ಎತ್ತಲು ಹೋದರೆ ಒಂದು ಮೂಲೆ ಮೇಲೇಳದೆ ಕಿರುಗುಟ್ಟಿತಂತೆ. ಫೋನನ್ನು ಆ ಮೂಲೆಗೆ ಹಿಡಿದ. ಸ್ಕ್ರೂಡ್ರೈವರಿನ ಮೊನೆಯನ್ನು ಮಾಡಿನ ಅಂಚಿನ ಮರಕ್ಕೆ ಒತ್ತಿದ. ಅಜ್ಜನ ಉಳಿ ಹೋದ ಹಾಗೆಯೇ ಅದೂ ಹೋಯಿತು.

“ಅಣ್ಣಾ, ಒಳಗೆಲ್ಲ ಹೋಗಿಬಿಟ್ಟಿದೆ” ಅಂದ.

ನಾನು ನಗಬಾರದಿತ್ತು, ನಕ್ಕೆ. ಫೋನನ್ನು ನಮ್ಮ ತೊಲೆಯ ಕಡೆ ತಿರುಗಿಸಿದೆ.

ಅವನು ವಿವರಿಸಿದ ಮೇಲೆ ನನಗೆ ಆ ಪೆಟ್ಟಿಗೆಯ ಒಳರಚನೆ ಅರ್ಥವಾಯಿತು. ಮಾಡು ಅಂದರೆ ಮೇಲೆ ತೆಳ್ಳನೆಯ ಅಲ್ಯೂಮಿನಿಯಂ ತಗಡು, ನಡುವೆ ಫೋಮು, ಕೆಳಗೆ ತೆಳು ಪ್ಲೈವುಡ್ಡು. ನಾಲ್ಕು ಅಂಚಿಗೂ ಮರದ ಪಟ್ಟಿ. ಮಾಡನ್ನು ಎತ್ತುವ ಕಂಬಗಳು ಕಚ್ಚಿಕೊಂಡಿರುವುದು ಆ ಪಟ್ಟಿಗೇ, ಅದು ಲಡ್ಡಾದರೆ ಎತ್ತುವಾಗ ಮಾಡೇ ಕಿತ್ತು ಬರುತ್ತದೆ. ತಗಡಿನ ಅಂಚು ಮುಚ್ಚಲು ಇನ್ನೊಂದು ಪಟ್ಟಿ ಕೂರಿಸಿ ಸಾಲಾಗಿ ಸ್ಕ್ರೂ ಹಾಕಿರುತ್ತಾರೆ. ಪಟ್ಟಿಯ ಕೆಳಗಿನ ಮೇಣ ಒಣಗಿ ಬಿರಿದ ದಿನದಿಂದ ಒಂದೊಂದು ಸ್ಕ್ರೂವೂ ನೀರು ಒಳಗೆ ಬಿಡುವ ತೂತೇ. ಆ ಸೀಮೆಯಲ್ಲಿ ಇನ್ನೊಂದು ಉಪದ್ರವ: ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಿರುಕನ್ನು ಇನ್ನಷ್ಟು ಸೀಳುತ್ತದೆ. ಹಿಂದಿನ ಮಾಲೀಕ ಸೋರುವುದು ಕಂಡು ಮೇಲಿನಿಂದ ಸಿಲಿಕೋನು ಧಾರಾಳವಾಗಿ ಬಳಿದಿದ್ದನಂತೆ. ಒಳಗಿನ ಹಸಿಯ ಸಮೇತ ಬಾಯಿ ಮುಚ್ಚಿದ ಹಾಗಾಯಿತು. ಸಾಲದ್ದಕ್ಕೆ ಸಿಲಿಕೋನು ಒಮ್ಮೆ ಹತ್ತಿದ ಜಾಗದಲ್ಲಿ ಬೇರೆ ಯಾವುದೂ ಹತ್ತುವುದಿಲ್ಲ, ಕೆರೆದೇ ತೆಗೆಯಬೇಕು.

“ನಿಮ್ಮೂರಲ್ಲೂ ಕಂಟ್ರಾಕ್ಟ್ರು ಅದಾನೆ ಅನ್ನು” ಅಂದರು ಅಪ್ಪ.

ಆಮೇಲಿನ ಕೆಲವು ವಾರ ಎರಡೂ ಕಡೆ ಕೆಲಸ ಒಟ್ಟಿಗೆ ನಡೆಯಿತು. ಇಲ್ಲಿ ಬೆಳಗಾದರೆ ಅಲ್ಲಿ ರಾತ್ರಿ. ಅವನು ಗ್ಯಾರೇಜಿನ ಬೆಳಕಿನಲ್ಲಿ ಪಟ್ಟಿ ಬಿಚ್ಚುತ್ತಿದ್ದರೆ ನಾವು ಮಾಳಿಗೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ವರ್ಷಗಟ್ಟಲೆ “ಊಟ ಆಯ್ತಾ, ಮಳೆ ಆಯ್ತಾ” ಅಷ್ಟಕ್ಕೇ ನಿಂತಿದ್ದ ಅಪ್ಪ ಮತ್ತು ತಮ್ಮನ ಮಾತು ಅರ್ಧ ಗಂಟೆ, ಒಂದು ಗಂಟೆಗೆ ಬೆಳೆಯಿತು. ಮರ ಪೂರ್ತಿ ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುವುದು, ಲಡ್ಡು ಎಲ್ಲಿ ಮುಗಿದು ಗಟ್ಟಿ ಎಲ್ಲಿ ಶುರು, ಎಷ್ಟು ದೂರಕ್ಕೆ ಕತ್ತರಿಸಬೇಕು. ತಮ್ಮ ತೇವ ಅಳೆಯುವ ಸಣ್ಣ ಯಂತ್ರ ತಂದಿದ್ದ, ಎರಡು ಮುಳ್ಳು ಚುಚ್ಚಿದರೆ ಅಂಕಿ ತೋರಿಸುತ್ತದೆ. ಅಪ್ಪನಿಗೆ ಅದು ಬಲು ಹಿಡಿಸಿತು. ಅಜ್ಜ ಮಾತ್ರ ಅದನ್ನು ನೋಡಿ, ತೊಲೆಗೆ ಕೆನ್ನೆ ಆನಿಸಿ, “ನಂದು ಇದೇ ಮಿಷನ್ನು” ಅಂದ.

ಕಮರದ ತೊಲೆ ಬದಲಿಸುವುದು ಆಗದ ಮಾತು. ಅಂಥ ಮರ ಈಗ ಸಿಕ್ಕರೂ ಕೊಳ್ಳಲಾಗದು. ಆಚಾರ್ರು ಬಂದು ನೋಡಿ, ತುದಿಯ ಎರಡಡಿ ಬಿಟ್ಟರೆ ಮಿಕ್ಕದ್ದು ಇನ್ನೂ ಉಳಿಗೆ ಕಚ್ಚಿಸಿಕೊಳ್ಳುತ್ತಿಲ್ಲ ಅಂದರು. ಜಾಕಿ ಕೊಟ್ಟು ತೊಲೆ ಎತ್ತಿ, ಕೊಳೆತ ತುದಿ ಕೊಯ್ದು, ಗಟ್ಟಿ ಇರುವ ಕಡೆಯ ಕೆಳಗೆ ಗೋಡೆಗೆ ಒತ್ತಿ ಒಂದು ಕಲ್ಲುಕಂಬ ನಿಲ್ಲಿಸಿದೆವು. ಚಿತ್ರದುರ್ಗದಲ್ಲಿ ಕಲ್ಲಿಗೆ ಬರವೇ. ಹೋದ ಜಂತೆಗಳಿಗೆ ಬದಲು ಮರ ಹುಡುಕಿ ಹೊಳಲ್ಕೆರೆಗೆ ಹೋದೆ. ಹಳೆಯ ಮನೆ ಬಿಚ್ಚಿದ ಮರ ಅಲ್ಲಿ ಒಬ್ಬರ ಬಳಿ ಇತ್ತು. ಒಂದು ಕಾಲದ ಅಡಕೆ ತೋಟದವರ ತೊಟ್ಟಿಮನೆಯ ಜಂತೆಗಳು, ತುದಿಯಲ್ಲಿ ಇನ್ನೂ ಹೊಗೆಯ ಮಸಿ. ಹೊಸ ಮರ ಕೊಂಡರೆ ಅದು ಒಣಗುವಷ್ಟರಲ್ಲಿ ಸೊಟ್ಟಗಾಗುತ್ತದೆ. ಇದು ಒಣಗಿ, ಸೊಟ್ಟಗಾಗುವುದಾದರೆ ಆಗಿ ಮುಗಿದಿದ್ದ ಮರ. ಗೋಡೆಗೆ ಹೊಕ್ಕುವ ತುದಿಗಳಿಗೆಲ್ಲ ಗೇರೆಣ್ಣೆ ಬಳಿದೆವು. ಎರಡು ದಿನ ಕೈ ಉರಿ.

ಬಂದರಿಕೆ ಸೊಪ್ಪನ್ನು ಗುಡ್ಡದಿಂದ ತರುವಂತಿಲ್ಲ, ಅರಣ್ಯ ಇಲಾಖೆಯ ಜಾಗ. ಪುಣ್ಯಕ್ಕೆ ನಮ್ಮದೇ ಹೊಲದ ಬದುವಿನ ಮೇಲೆ ಸಾಕಷ್ಟಿತ್ತು. ಕರಲಿಗೆ ಮಾತ್ರ ಅಲೆದಾಟ. ಮೊದಲು ತರುತ್ತಿದ್ದ ಜಾಗ ಈಗ ಯಾರದೋ ತೆಂಗಿನ ತೋಟ. 2022ರಲ್ಲಿ ಡ್ಯಾಮಿನ ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟ, ಹೊಲಗಳಿಗೆ ನುಗ್ಗಿ ಕೆಲವು ಹಳೆಯ ದಾರಿಗಳೇ ಇಲ್ಲವಾಗಿದ್ದವು. ಕೊನೆಗೆ ಹಿರಿಯೂರಿನ ಕಡೆ ರೈತರೊಬ್ಬರು ತಮ್ಮ ಗದ್ದೆಯ ಮೂಲೆ ತೋರಿಸಿ, “ಎಷ್ಟು ಬೇಕೋ ಕೆರಕೊಂಡು ಹೋಗ್ರಿ, ಪೂರ್ತಿ ತಗೊಂಡು ಹೋದ್ರೆ ನಾನೇ ಕಾಫಿ ಕೊಡ್ತೀನಿ” ಅಂದರು. ಅಜ್ಜ ಟ್ರ್ಯಾಕ್ಟರಿನಿಂದ ಇಳಿದವನೇ ಹಿಡಿ ಮಣ್ಣು ಎತ್ತಿ ನಾಲಿಗೆಗೆ ಇಟ್ಟುಕೊಂಡ. ತಲೆಯಾಡಿಸಿದ.

ದಿಮ್ಮಸು ಬಡಿಯುವ ದಿನ ತಮ್ಮನೂ ಫೋನಿನಲ್ಲಿದ್ದ. ಅವನ ಕೆಲಸ ಆಗಲೇ ಮುಗಿಯುತ್ತ ಬಂದಿತ್ತು. ಕೊಳೆತ ಪಟ್ಟಿ ತೆಗೆದು ಹೊಸ ಮರ ಕೂರಿಸಿ, ಅದರ ಮೇಲೆ ಬ್ಯುಟೈಲ್ ಟೇಪು ಅಂಟಿಸಿ ಅಂಚಿನ ಪಟ್ಟಿ ಬಿಗಿದಿದ್ದ. ಸ್ಕ್ರೂ ಬಿಗಿದಂತೆ ಟೇಪು ಬದಿಗೆ ಉಕ್ಕಿ ಬಂತು, ಅದನ್ನು ಉಗುರಲ್ಲಿ ಕೆರೆದು ತೋರಿಸಿದ. ಬೂದು ಬಣ್ಣದ, ಕಲಸಿದ ಮೈದಾ ಹಿಟ್ಟಿನಂಥ ಪಟ್ಟಿ. ಅದು ಎಷ್ಟೋ ವರ್ಷ ಗಟ್ಟಿಯಾಗುವುದಿಲ್ಲವಂತೆ. ತಗಡು ಹಿಗ್ಗಿದರೆ ಹಿಗ್ಗುತ್ತದೆ, ಮರ ಕುಗ್ಗಿದರೆ ಅದಕ್ಕೆ ತಕ್ಕಂತೆ ಕೂರುತ್ತದೆ. “ಆದರೂ ವರ್ಷಕ್ಕೊಂದು ಸಲ ಮೇಲೆ ಹತ್ತಿ ನೋಡಬೇಕಪ್ಪಾ, ಎಲ್ಲಿ ಬಿಟ್ಟಿದೆಯೋ ಅಲ್ಲಿ ಹೊಸದು ಹಾಕಬೇಕು” ಅಂದ. ಅಪ್ಪ ಆ ಮಾತನ್ನು ಅಜ್ಜನಿಗೆ ಕನ್ನಡದಿಂದ ಕನ್ನಡಕ್ಕೇ ಇನ್ನೊಮ್ಮೆ ಹೇಳಿದರು, ಮಗ ಏನೋ ಭಾರಿ ವಿದ್ಯೆ ಕಲಿತಿದ್ದಾನೆ ಅನ್ನುವಂತೆ. “ಕರಲು ಅನ್ನಿ” ಅಂದ ಅಜ್ಜ, ಬಡಿಯುವುದನ್ನು ನಿಲ್ಲಿಸದೆ.

ಕೆಲಸದ ನಡುವೆ ಒಂದು ಭಾನುವಾರ ಅಜ್ಜನ ಇಬ್ಬರು ಮೊಮ್ಮಕ್ಕಳನ್ನು ದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಕೆಲಸಕ್ಕೆ ಬರುತ್ತಿದ್ದ ಹುಡುಗರು ಅವರು, ಇಷ್ಟು ಹತ್ತಿರ ಇದ್ದೂ ಮೇಲಿನ ತನಕ ಹತ್ತಿರಲಿಲ್ಲ. ಒನಕೆ ಓಬವ್ವನ ಕಿಂಡಿ ನೋಡಿ ಎಲ್ಲರಂತೆ ಫೋಟೋ ತೆಗೆದುಕೊಂಡರು. ಅವರು ನಿಂತು ನೋಡಿದ್ದು ಮಾತ್ರ ಮೇಲಿನ ಮಣ್ಣಿನ ಗೋಡೆಗಳನ್ನು. ಅರಮನೆ, ಕಣಜ, ಟಂಕಸಾಲೆ ಅನ್ನುವ ಕಟ್ಟಡಗಳ ಬರೀ ಮಣ್ಣಿನ ಗೋಡೆಗಳು, ಮಾಡಿಲ್ಲದೆ ನಿಂತಿವೆ. ಹೈದರಾಲಿ ಕೋಟೆ ಹಿಡಿದದ್ದು 1779ರಲ್ಲಿ. ನಾಯಕರ ಕಾಲದ ಆ ಗೋಡೆಗಳು ಅಂದಿನಿಂದ ಎಷ್ಟು ಮಳೆ ನೆಂದಿರಬೇಕು. ದೊಡ್ಡ ಹುಡುಗ ಗೋಡೆಗೆ ಕೈ ಆನಿಸಿ, “ಸಿಮೆಂಟ್ ಹಾಕಿಲ್ಲ, ಅದಕ್ಕೇ ಉಳಿದೈತೆ” ಅಂದ. ಅಷ್ಟು ಸಲೀಸಾಗಿ ನಾನು ಒಪ್ಪುವುದಿಲ್ಲ. ಪುರಾತತ್ವ ಇಲಾಖೆಯವರ ಕಾವಲು ಅವಕ್ಕಿದೆ. ಗೋಡೆಯ ದಪ್ಪವೂ ನಮ್ಮ ಮನೆಗಳದ್ದಲ್ಲ, ತಲೆಯ ಮೇಲೆ ಹೊರಲು ಮಾಳಿಗೆಯ ಭಾರವೂ ಇಲ್ಲ. ಆದರೆ ನೆಂದದ್ದು ಒಣಗಲು ಅವಕ್ಕೆ ಅಡ್ಡಿ ಏನೂ ಇಲ್ಲ ಅನ್ನುವುದಂತೂ ಕಣ್ಣಿಗೆ ಕಾಣುತ್ತದೆ.

ಮಾಳಿಗೆ ಮುಗಿಯಿತು. ಇಳಿಜಾರು ನೋಡಲು ಅಜ್ಜ ದೋಣಿಯ ಎದುರು ತುದಿಯಲ್ಲಿ ಒಂದು ಕೊಡ ನೀರು ಸುರಿದು, ಅದು ಹರಿದುಹೋಗುವುದನ್ನು ಬಗ್ಗಿ ನೋಡಿದ. ಒಂದು ಕಡೆ ತಂಗಿತು; ಅಲ್ಲಿಗೆ ಇನ್ನೊಂದು ಮಂಕರಿ. ಅಪ್ಪ ರೋಹಿಣಿಗೆ ಕಾದರು, ಆರಿದ್ರಕ್ಕೆ ಕಾದರು. ಆದರೆ 2023 ಬರದ ವರ್ಷವಾಗಿಬಿಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಸಾರಿತು. ರಾಗಿ ಮೊಣಕಾಲೆತ್ತರಕ್ಕೆ ನಿಂತು ಒಣಗಿತು. ಮಾಳಿಗೆಯ ಮೇಲಿನ ಕರಲು ಗಾಳಿಗೆ ಹಾರಿ ಅಮ್ಮನ ಸಂಡಿಗೆಯ ಮೇಲೆ ಕೂತು, ಉಪ್ಪು ಹೆಚ್ಚಾಯಿತು ಅಂತ ಎಲ್ಲರೂ ನಕ್ಕರು. ಊರಿನವರು ಅಪ್ಪನನ್ನು ಕಂಡಲ್ಲೆಲ್ಲ, “ಯಜಮಾನ್ರು ಮಾಳಿಗೆ ಮಾಡ್ಸಿದ್ರು, ಮಳೆ ಓಡಿಹೋಯ್ತು” ಅಂತ ಚುಡಾಯಿಸುತ್ತಿದ್ದರು. ಅಲ್ಲಿ ತಮ್ಮ ಅದೇ ಬೇಸಿಗೆಯಲ್ಲಿ ಕ್ಯಾಂಪರ್ ಎಳೆದುಕೊಂಡು ಹೋಗಿ ಜಡಿಮಳೆಗೆ ಸಿಕ್ಕಿದ. ಒಳಗೆ ಒಂದು ಹನಿಯೂ ಬೀಳಲಿಲ್ಲವಂತೆ. ಕ್ಯಾನ್ವಾಸು ಒದ್ದೆ ಇದ್ದಾಗಲೇ ಮಡಚಿ ತಂದು, ಮನೆಗೆ ಬಂದು ಮತ್ತೆ ಬಿಚ್ಚಿ ಒಣಗಿಸುವುದು ಎರಡು ದಿನ ತಡವಾಗಿ ಅದಕ್ಕೆ ಬೂಷ್ಟು ಹಿಡಿಯಿತು. ಕಮಾನಿನ ಚಾಪೆಯನ್ನು ಹಸಿ ಇದ್ದಾಗ ಸುತ್ತಬಾರದು ಅಂತ ತಾನು ಹೇಳಿರಲಿಲ್ಲವೇ ಅಂತ ಅಪ್ಪ. ಹೇಳಿರಲಿಲ್ಲ, ನಾನು ಸಾಕ್ಷಿ.

ಮಾಳಿಗೆಯ ಪರೀಕ್ಷೆ ಆದದ್ದು 2024ರ ಮಳೆಗಾಲದಲ್ಲಿ. ಮುಂಗಾರು ಚೆನ್ನಾಗಿ ಹಿಡಿಯಿತು, ಹಿಂಗಾರು ಅದಕ್ಕಿಂತ ಜೋರು. ಭದ್ರೆಯ ನೀರೂ ಸೇರಿ 2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ 130 ಅಡಿ ಮುಟ್ಟಿ ಮತ್ತೆ ತುಂಬಿತು. ಅದಕ್ಕೆ ಮುಂಚೆ, 2024ರ ಅಕ್ಟೋಬರಿನ ಒಂದು ರಾತ್ರಿ ಚಿತ್ತೆ ಮಳೆ ಸುರಿಯುವಾಗ ನಾನು ಊರಲ್ಲಿದ್ದೆ. ಕಂಬದ ಬೋದಿಗೆ ಒಣಗಿತ್ತು. ಅಡುಗೆಮನೆಯ ಮೂಲೆಯಲ್ಲಿ, ಎಂದೂ ಸೋರದ ಕಡೆ, ಒಂದು ತೊಟ್ಟು. ಬೆಳಿಗ್ಗೆ ಮೇಲೆ ಹತ್ತಿ ನೋಡಿದರೆ ಹೆಗ್ಗಣದ ಕೆಲಸ. ಬಿಲಕ್ಕೆ ಕೆಸರು ಗಿಡಿದು, ಮೇಲೆ ನಾಲ್ಕು ಹಿಡಿ ಕರಲು ಹಾಕಿ ಕಾಲಲ್ಲಿ ತುಳಿದು ಇಳಿದೆ.

ಅಜ್ಜನಿಗೆ ಈಗ ಏಣಿ ಹತ್ತಲಾಗುವುದಿಲ್ಲ. ಮೊಮ್ಮಕ್ಕಳಿಬ್ಬರೇ ಕೆಲಸ ಹಿಡಿಯುತ್ತಾರೆ, ಸಿಮೆಂಟು ಎಬ್ಬಿಸಲು ಬಾಡಿಗೆಗೆ ಡ್ರಿಲ್ಲಿಂಗ್ ಮಿಷನ್ನು ತರುತ್ತಾರೆ. ನಮ್ಮ ಬೀದಿಯಲ್ಲೇ ಎರಡು ಮನೆಯವರು ಅವರನ್ನು ಕರೆಸಿದರು; ಮೂರನೆಯವರು ಬಂದು ನೋಡಿ, ಲೆಕ್ಕ ಕೇಳಿ, ಕೆಡವಿ ಆರ್‌ಸಿಸಿ ಹಾಕಿಸಿಕೊಂಡರು. ಅದೂ ತಪ್ಪಲ್ಲ, ಆ ಮನೆಯಲ್ಲಿ ಮೇಲೆ ಹತ್ತುವ ವಯಸ್ಸಿನವರು ಯಾರೂ ಇಲ್ಲ. ಈ ಹುಡುಗರು ಬೇಕೆಂದರೆ ಯುಗಾದಿಗೆ ಮುಂಚೆಯೇ ಹೇಳಿಟ್ಟುಕೊಳ್ಳಬೇಕು. ಈ ಸಲ ನಾನು ಸಂಕ್ರಾಂತಿಗೇ ಹೇಳಿದ್ದೇನೆ, ಹಳೆಯ ಮಣ್ಣು ಇಳಿಸುವ ವರ್ಷ ಬಂತು.